ಪದ ಬದಲಾದರೆ ಉಳಿಯುವುದೇನು? ಮಳಖೇಡದಲ್ಲಿ ಒಂದು ಪ್ರಯೋಗ

ಬಲ, ಶಕ್ತಿ, ಸಾಮರ್ಥ್ಯ. ಈ ಮೂರು ಪದಗಳನ್ನು ಕವಿಯೊಬ್ಬ ಒಂದರ ಬದಲು ಇನ್ನೊಂದನ್ನು ಇಟ್ಟು ಬಳಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ಅದೇ ಕೆಲಸವನ್ನು ಪಿ.ಯು. ವಿದ್ಯಾರ್ಥಿ ಭೌತಶಾಸ್ತ್ರದ ಉತ್ತರಪತ್ರಿಕೆಯಲ್ಲಿ ಮಾಡಿದರೆ ಅಂಕ ಹೋಗುತ್ತದೆ. ಬಲವನ್ನು ಅಳೆಯುವ ಮಾನ ನ್ಯೂಟನ್, ಶಕ್ತಿಯದು ಜೂಲ್, ಸಾಮರ್ಥ್ಯದ್ದು ವಾಟ್. ಮಾನವೇ ಬೇರೆಯಾದ ಮೇಲೆ ಅವು ಪರ್ಯಾಯ ಪದಗಳಾಗಲಾರವು. 'ಜವ' ಮತ್ತು 'ವೇಗ'ಗಳ ವಿಷಯವೂ ಹೀಗೆಯೇ. ನಿಘಂಟಿನಲ್ಲಿ ಅವು ಅಕ್ಕಪಕ್ಕದ ಮನೆಯವು; ನಮ್ಮ ಪಠ್ಯಪುಸ್ತಕದಲ್ಲಿ ಒಂದಕ್ಕೆ ದಿಕ್ಕಿಲ್ಲ, ಇನ್ನೊಂದಕ್ಕೆ ದಿಕ್ಕು ಇದೆ.

ಇದನ್ನು ನಾನು ವರ್ಷಗಟ್ಟಲೆ ತರಗತಿಯಲ್ಲಿ ಬಹಳ ಠೀವಿಯಿಂದ ಹೇಳುತ್ತಿದ್ದೆ. ಒಮ್ಮೆ ಉತ್ತರಪತ್ರಿಕೆ ತಿದ್ದುವಾಗ ಒಬ್ಬ ವಿದ್ಯಾರ್ಥಿ 'ವೇಗೋತ್ಕರ್ಷ' ಎಂದು ಬರೆಯಬೇಕಾದಲ್ಲೆಲ್ಲ 'ತ್ವರಣ' ಎಂದು ಬರೆದಿದ್ದ. ಇದ್ಯಾವ ಹೊಸ ಪದವೆಂದು ಕೆಂಪು ಗೆರೆ ಎಳೆದು ಅಂಕ ಕಡಿಮೆ ಮಾಡಿದೆ. ಆಮೇಲೆ ತಿಳಿಯಿತು, ಆ ಹುಡುಗ ಗಡಿಭಾಗದವನು, ಹತ್ತನೆಯ ತರಗತಿಯವರೆಗೆ ಮರಾಠಿ ಮಾಧ್ಯಮದಲ್ಲಿ ಓದಿದವನು. ಮರಾಠಿಯಲ್ಲೂ ಹಿಂದಿಯಲ್ಲೂ ವೇಗೋತ್ಕರ್ಷಕ್ಕೆ 'ತ್ವರಣ' ಎಂದೇ ಹೆಸರು. ಅವನು ಬರೆದ ಸಮೀಕರಣ ಸರಿಯಾಗಿತ್ತು, ಮಾನವೂ ಸರಿಯಾಗಿತ್ತು. ಬದಲಾದದ್ದು ಪದ ಮಾತ್ರ. ಹಾಗಾದರೆ ಯಾವ ಬದಲಾವಣೆ ಸಹ್ಯ, ಯಾವುದು ಅಸಹ್ಯ ಎಂದು ತೀರ್ಮಾನಿಸುವ ಪರೀಕ್ಷೆ ಯಾವುದು? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಆಗ. ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ವಾಡಿಯಿಂದ ಸೇಡಂ ಕಡೆಗೆ ಹೋಗುವ ರೈಲಿನಲ್ಲಿ ಚಿತ್ತಾಪುರ ದಾಟಿದ ಮೇಲೆ ಮಳಖೇಡದ ನಿಲ್ದಾಣ ಬರುತ್ತದೆ.

ಕಾಗಿಣಾ ನದಿಯ ದಡದ ಈ ಊರು ಇಂದು ಹೊರಗಿನವರಿಗೆ ಗೊತ್ತಿರುವುದು ಸುಣ್ಣಕಲ್ಲು ಮತ್ತು ಸಿಮೆಂಟಿನಿಂದ. ಒಂಬತ್ತನೆಯ ಶತಮಾನದಲ್ಲಿ ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಇಲ್ಲಿಂದ ಆಳುತ್ತಿದ್ದ ಕಾಲದಲ್ಲಿ, ಕ್ರಿ.ಶ. 850ರ ಆಸುಪಾಸಿನಲ್ಲಿ, ಎರಡು ಗ್ರಂಥಗಳು ಹುಟ್ಟಿದವು. ಒಂದು ಕನ್ನಡದ 'ಕವಿರಾಜಮಾರ್ಗ'. ನೃಪತುಂಗನ ಸಮ್ಮತಿ ಪಡೆದು ಶ್ರೀವಿಜಯ ರಚಿಸಿದ ಕಾವ್ಯಲಕ್ಷಣ ಗ್ರಂಥ. ಇನ್ನೊಂದು ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'. ಆರಂಭದಲ್ಲೇ ಅಮೋಘವರ್ಷನನ್ನು ಹೊಗಳುವ ಸಂಸ್ಕೃತ ಗಣಿತಗ್ರಂಥ. ಮೊದಲನೆಯದನ್ನು ಕನ್ನಡ ಅಧ್ಯಾಪಕರು ಓದುತ್ತಾರೆ, ಎರಡನೆಯದನ್ನು ಗಣಿತದ ಇತಿಹಾಸಕಾರರು ಓದುತ್ತಾರೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವವರು ಕಡಿಮೆ. ಆದರೆ ಎರಡರಲ್ಲೂ ಒಂದೇ ಪ್ರಯೋಗ ನಡೆದಿದೆ: ಪದ್ಯದೊಳಗಿನ ಒಂದು ಪದವನ್ನು ತೆಗೆದು ಇನ್ನೊಂದನ್ನು ಇಡುವುದು, ಏನು ಉಳಿಯಿತು ಏನು ಕೆಟ್ಟಿತು ಎಂದು ನೋಡುವುದು. ಕನ್ನಡದಲ್ಲಿ 'ಪ್ರಯೋಗ' ಎಂಬ ಪದವೇ ಪದದ ಬಳಕೆಯನ್ನೂ ಪ್ರಯೋಗಾಲಯದ ಕೆಲಸವನ್ನೂ ಒಟ್ಟಿಗೆ ಸೂಚಿಸುತ್ತದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಎರಡು ಸಾಲಿನ ಪ್ರಯೋಗಾಲಯ

ಬಿ.ಎಸ್ಸಿ. ವಿದ್ಯಾರ್ಥಿಗಳ ಒಂದು ಗುಂಪನ್ನು ಮಳಖೇಡದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿದ ಜಾಗದಲ್ಲಿ ಶಹಾಬಾದ್ ಕಲ್ಲಿನ ಹಾಸು ಇತ್ತು. ಸೀಮೆಸುಣ್ಣಕ್ಕೆ ಅದಕ್ಕಿಂತ ಒಳ್ಳೆಯ ಕಪ್ಪುಹಲಗೆ ಸಿಗುವುದಿಲ್ಲ. ನಾನೇ ಕಟ್ಟಿದ ಎರಡು ಸಾಲು ಬರೆದೆ. ಕಾವ್ಯವೆಂದು ಹೇಳಿಕೊಳ್ಳುವ ಧೈರ್ಯವಿಲ್ಲ. ಪ್ರಯೋಗದ ಮಾದರಿ ಎಂದು ತಿಳಿಯಬೇಕು.

ಕಾಗಿಣಿ ದಡದಲಿ ಕೋಟೆಯ ಬಾಗಿಲು
ಸಾಗುವ ಮುಗಿಲಿಗೆ ತೆರೆದಿದೆ ನೋಡಿರಿ

ಪ್ರತಿ ಸಾಲಿನಲ್ಲಿ ನಾಲ್ಕು ಗಣ, ಪ್ರತಿ ಗಣಕ್ಕೆ ನಾಲ್ಕು ಮಾತ್ರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಸ್ವರ ಇದ್ದರೆ ಗುರು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. 'ಕಾಗಿಣಿ' ಎಂಬುದು 2+1+1, 'ದಡದಲಿ' 1+1+1+1. ನಾಲ್ಕು ಮಾತ್ರೆಯನ್ನು ಲಘುಗುರುಗಳಿಂದ ತುಂಬಲು ಒಟ್ಟು ಐದೇ ವಿಧಾನಗಳಿವೆ. ಬರೆದು ನೋಡಿದರೆ ತಿಳಿಯುತ್ತದೆ. ನನ್ನ ಸಾಲುಗಳಲ್ಲಿ ಅವುಗಳಲ್ಲಿ ಎರಡು ಮಾತ್ರ ಬಂದಿವೆ. ಇನ್ನು ಎರಡೂ ಸಾಲಿನ ಎರಡನೆಯ ಅಕ್ಷರ 'ಗ' ವ್ಯಂಜನ, ಅದರ ಹಿಂದೆ ದೀರ್ಘ. ಇದು ಕನ್ನಡ ಛಂದಸ್ಸಿನ ಆದಿಪ್ರಾಸ. ಹೀಗೆ ದೀರ್ಘ ಹಿಂದಿದ್ದರೆ ಗಜಪ್ರಾಸ, ಹ್ರಸ್ವವಿದ್ದರೆ ಸಿಂಹಪ್ರಾಸ.

ಈಗ ಎರಡನೆಯ ಸಾಲಿನ 'ಮುಗಿಲಿಗೆ' ಎಂಬುದನ್ನು ಬದಲಿಸೋಣ. ವಿದ್ಯಾರ್ಥಿಗಳು ನಿಘಂಟು ತಿರುವಿ ಕೊಟ್ಟ ಪದಗಳು ಇವು: ಮೋಡಕೆ, ಮೇಘಕೆ, ಜಲದಕೆ, ಘನಕೆ, ವಾರಿದಕೆ, ನೀರದಕೆ, ಪಯೋಧರಕೆ. ಮೂಲವೂ ಸೇರಿ ಎಂಟು. ಮಾತ್ರೆ ಎಣಿಸಿದರೆ ಮುಗಿಲಿಗೆ, ಮೋಡಕೆ, ಮೇಘಕೆ, ಜಲದಕೆ ನಾಲ್ಕರ ಗಣದಲ್ಲಿ ಕೂರುತ್ತವೆ. 'ಘನಕೆ' ಮೂರಕ್ಕೇ ನಿಲ್ಲುತ್ತದೆ. 'ವಾರಿದಕೆ', 'ನೀರದಕೆ' ಐದು, 'ಪಯೋಧರಕೆ' ಆರು. ಎಂಟರಲ್ಲಿ ಉಳಿದದ್ದು ನಾಲ್ಕು.

'ಸಾಗುವ' ಎಂಬ ಪದಕ್ಕೆ ಬದಲಿಯಾಗಿ ಬಂದವು ಹೋಗುವ, ತೇಲುವ, ಓಡುವ, ಚಲಿಸುವ, ನಡೆಯುವ. ಮೂಲವೂ ಸೇರಿ ಆರು. ವಿಚಿತ್ರವೆಂದರೆ ಆರಕ್ಕೂ ನಾಲ್ಕೇ ಮಾತ್ರೆ. ಮಾತ್ರೆಯ ಜರಡಿಯಲ್ಲಿ ಒಂದೂ ಸಿಕ್ಕಿಬೀಳಲಿಲ್ಲ. ಆದರೆ ಪ್ರಾಸದ ಜರಡಿಯಲ್ಲಿ 'ಸಾಗುವ', 'ಹೋಗುವ' ಎರಡೇ ಉಳಿದವು. 'ತೇಲುವ ಮುಗಿಲಿಗೆ' ಎಂಬುದು ಕಿವಿಗೆ ಎಷ್ಟು ಹಿತವಾದರೂ ಇಲ್ಲಿ ಸಲ್ಲದು. ಒಂದೇ ಸಾಲಿನಲ್ಲಿ ಒಂದು ಸ್ಥಾನವನ್ನು ಮಾತ್ರೆ ಕಾಯುತ್ತಿದೆ, ಇನ್ನೊಂದನ್ನು ಪ್ರಾಸ ಕಾಯುತ್ತಿದೆ.

ಲೆಕ್ಕ ಹಾಕೋಣ. ನಿಯಮವಿಲ್ಲದಿದ್ದರೆ ಈ ಎರಡು ಸ್ಥಾನಗಳಲ್ಲಿ 8 × 6 = 48 ಸಾಲುಗಳು ಸಾಧ್ಯ. ನಿಯಮ ಹಾಕಿದ ಮೇಲೆ 4 × 2 = 8. ಕ್ಲಾಡ್ ಶ್ಯಾನನ್ 1948ರಲ್ಲಿ ಮಾಹಿತಿಯ ಅಳತೆಗೆ ಕೊಟ್ಟ ಸೂತ್ರದ ಪ್ರಕಾರ, ಸಮಾನ ಸಾಧ್ಯತೆಯ ಆಯ್ಕೆಗಳಿದ್ದಾಗ ಅವುಗಳ ಸಂಖ್ಯೆಯ ಲಾಗರಿದಮನ್ನು 2ರ ಆಧಾರದಲ್ಲಿ ತೆಗೆದುಕೊಂಡರೆ ಬಿಟ್‌ಗಳ ಲೆಕ್ಕ ಸಿಗುತ್ತದೆ. 48ಕ್ಕೆ ಸುಮಾರು 5.58 ಬಿಟ್, 8ಕ್ಕೆ ಸರಿಯಾಗಿ 3 ಬಿಟ್. ವ್ಯತ್ಯಾಸವಾದ 2.58 ಬಿಟ್ ಸ್ವಾತಂತ್ರ್ಯವನ್ನು ಛಂದಸ್ಸು ನುಂಗಿತು. ನುಂಗಿದ್ದು ನಷ್ಟವಾಯಿತೇ ಎಂಬುದಕ್ಕೆ ಉತ್ತರ ಮುಂದೆ ಮಹಾವೀರನ ಬಳಿ ಇದೆ.

ಅಷ್ಟರಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ನಮ್ ಕಡಿ ಮುಗಿಲ್ ಅಂದ್ರ ಮ್ಯಾಲಿಂದು, ಆಕಾಶ. ಆಕಾಶ ಹ್ಯಾಂಗ ಸಾಗತದ್ರಿ?" ನಾನು ಹಳೆಯ ಮೈಸೂರು ಕಡೆಯವನು, ನನಗೆ ಮುಗಿಲು ಎಂದರೆ ಮೋಡವೇ. ಕಲಬುರಗಿಯಲ್ಲಿ ಇಷ್ಟು ವರ್ಷ ಇದ್ದೂ ಸಾಲು ಕಟ್ಟುವಾಗ ಅದು ಹೊಳೆಯಲಿಲ್ಲ. ಅವಳಿಗೆ 'ಮುಗಿಲು' ಮತ್ತು 'ಮೋಡ' ಪರ್ಯಾಯ ಪದಗಳೇ ಅಲ್ಲ. ಕಾಗಿಣಿಯ ದಡದಲ್ಲಿ ನಿಂತು ಕಾಗಿಣಿಯವರಿಗಾಗಿ ಬರೆಯುವುದಾದರೆ ನನ್ನ ಸಾಲನ್ನು 'ಸಾಗುವ ಮೋಡಕೆ' ಎಂದೇ ತಿದ್ದಬೇಕು. ತಿದ್ದಿದೆ. ಮಾತ್ರೆ ಕೆಡಲಿಲ್ಲ, ಪ್ರಾಸ ಕೆಡಲಿಲ್ಲ, ಅರ್ಥ ನೆಟ್ಟಗಾಯಿತು.

ತಪ್ಪು ಪದ್ಯ, ತಿದ್ದಿದ ಪದ್ಯ

ಕವಿರಾಜಮಾರ್ಗದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಕಾವ್ಯದ ದೋಷಗಳ ವಿಚಾರ. ಅಲ್ಲಿನ ಬೋಧನಕ್ರಮ ವಿಜ್ಞಾನದ ಅಧ್ಯಾಪಕನಿಗೆ ತಕ್ಷಣ ಪರಿಚಿತವೆನಿಸುತ್ತದೆ. ಗ್ರಂಥಕಾರ ದೋಷವನ್ನು ಹೆಸರಿಸಿ ಬಿಟ್ಟುಬಿಡುವುದಿಲ್ಲ. ದೋಷವಿರುವ ಪದ್ಯವನ್ನು ಕೊಡುತ್ತಾನೆ, ಬಳಿಕ ಅದೇ ವಿಷಯವನ್ನು ಪದ ಬದಲಿಸಿ ಇಲ್ಲವೆ ಪದಗಳ ಸ್ಥಾನ ಬದಲಿಸಿ ದೋಷವಿಲ್ಲದಂತೆ ತೋರಿಸುತ್ತಾನೆ. ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸುವುದು, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸುವುದು. ಓಮನ ನಿಯಮವನ್ನು ತೋರಿಸುವಾಗ ತಾಪವನ್ನು ಸ್ಥಿರವಾಗಿಟ್ಟು ವಿಭವಾಂತರವನ್ನು ಬದಲಿಸುತ್ತೇವಲ್ಲ, ಅದೇ ರೀತಿ. ಗ್ರಂಥದ ಬಹುಪಾಲು ಕಂದಪದ್ಯದಲ್ಲಿದೆ. ಕಂದಕ್ಕೆ ನಾಲ್ಕು ಪಾದ, 12, 20, 12, 20 ಮಾತ್ರೆ, ಒಟ್ಟು 64. ಈ ಚೌಕಟ್ಟು ಅಲುಗಬಾರದು.

ಅವನಿಗೆ ಬಹಳ ಸಿಟ್ಟು ತರಿಸುವ ಬದಲಾವಣೆ ಎಂದರೆ ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಒಂದೇ ಸಮಾಸದಲ್ಲಿ ಬೆಸೆಯುವುದು. ಮುಂದೆ ವ್ಯಾಕರಣಕಾರರು ಅರಿಸಮಾಸವೆಂದು ಕರೆದದ್ದು ಇದನ್ನೇ. ಇಲ್ಲಿ ಮಾತ್ರೆ ಸರಿ ಇರಬಹುದು, ಅರ್ಥವೂ ಸರಿ ಇರಬಹುದು, ಆದರೂ ಹೊಂದುವುದಿಲ್ಲ. ನಮ್ಮ ಎಂಟು ಸಾಲುಗಳಲ್ಲಿ 'ಹೋಗುವ ಜಲದಕೆ' ಎಂಬುದನ್ನು ಗಟ್ಟಿಯಾಗಿ ಓದಿ ನೋಡಿ. ಅದು ಸಮಾಸವಲ್ಲ, ಆದ್ದರಿಂದ ವ್ಯಾಕರಣದ ತಪ್ಪಿಲ್ಲ. ಆದರೂ ಅಂಗಳದ ಮಾತಿನ ಪಕ್ಕದಲ್ಲಿ ಪಂಡಿತರ ಮಾತು ಕುಳಿತ ಹಾಗಿದೆ. ಹುಡುಗರು ನಕ್ಕರು. ಆ ನಗೆಯನ್ನು ಅಳೆಯುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿಲ್ಲ. ಹದಿಮೂರನೆಯ ಶತಮಾನದ ಆಂಡಯ್ಯ ಈ ತೊಡಕನ್ನು ಬೇರು ಸಮೇತ ಕಿತ್ತವನು. ತತ್ಸಮಗಳನ್ನು ದೂರವಿಟ್ಟು ದೇಶ್ಯ ಮತ್ತು ತದ್ಭವಗಳಲ್ಲೇ 'ಕಬ್ಬಿಗರ ಕಾವ'ವನ್ನು ಬರೆದ. ಒಂದಿಡೀ ಕಾವ್ಯವೇ ಪದ ಬದಲಿಸುವ ಪ್ರಯೋಗ.

ಇದಕ್ಕೊಂದು ನಿಯಮಬದ್ಧ ಪರೀಕ್ಷೆಯನ್ನು ಕೊಟ್ಟವನು ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ. ಕವಿರಾಜಮಾರ್ಗದ ಎರಡನೆಯ ಪರಿಚ್ಛೇದ ಶಬ್ದಾಲಂಕಾರ, ಮೂರನೆಯದು ಅರ್ಥಾಲಂಕಾರ. ಒಂದು ಅಲಂಕಾರ ಯಾವ ಗುಂಪಿಗೆ ಸೇರಿದ್ದು ಎಂದು ಕಂಡುಕೊಳ್ಳುವುದು ಹೇಗೆ? ಪದವನ್ನು ಪರ್ಯಾಯ ಪದದಿಂದ ಬದಲಿಸಿ. ಸೊಗಸು ಉಳಿದರೆ ಅದು ಅರ್ಥದ್ದು. ಹೋದರೆ ಅದು ಶಬ್ದದ್ದು. ಬದಲಾವಣೆಯನ್ನು ತಾಳಿಕೊಳ್ಳುವ ಪದಕ್ಕೆ 'ಪರಿವೃತ್ತಿಸಹ' ಎಂದು ಹೆಸರು. ಉದಾಹರಣೆಗೆ, 'ಕೋಟೆ ಆನೆಯಂತೆ ನಿಂತಿದೆ' ಎಂಬಲ್ಲಿ ಆನೆಯ ಬದಲು ಗಜ ಎಂದರೂ ಉಪಮೆ ಉಳಿಯುತ್ತದೆ. 'ಅರಸನ ಕರ ಎಲ್ಲರ ಮನೆಯನ್ನೂ ಮುಟ್ಟಿತು' ಎಂಬಲ್ಲಿ 'ಕರ' ತೆಗೆದು 'ಕೈ' ಇಟ್ಟರೆ ತೆರಿಗೆ ಮಾಯವಾಗುತ್ತದೆ. ಅಲ್ಲಿನ ಶ್ಲೇಷೆ ಆ ಎರಡಕ್ಷರಕ್ಕೇ ಅಂಟಿಕೊಂಡಿತ್ತು. ಪದ ಇದ್ದರೆ ಪರಿಣಾಮ ಇದೆ, ಪದ ಇಲ್ಲದಿದ್ದರೆ ಪರಿಣಾಮ ಇಲ್ಲ. ಇದಕ್ಕೆ ನಮ್ಮ ಶಾಸ್ತ್ರಕಾರರು ಅನ್ವಯ-ವ್ಯತಿರೇಕ ಎಂದರು. ಕಾರಣವನ್ನು ಪತ್ತೆ ಮಾಡುವ ಇಂಥದೇ ವಿಧಾನಗಳನ್ನು ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ.

ನನ್ನ ಹಳೆಯ ತಪ್ಪಿಗೆ ಉತ್ತರ ಇಲ್ಲಿ ಸಿಕ್ಕಿತು. ಸಮೀಕರಣ, ಮಾನ, ದಿಕ್ಕು ಇವು ಉಳಿದರೆ 'ವೇಗೋತ್ಕರ್ಷ' ಪರಿವೃತ್ತಿಸಹ; 'ತ್ವರಣ' ಅಲ್ಲಿ ಕೂರಬಹುದು. 'ಬಲ' ತೆಗೆದು 'ಶಕ್ತಿ' ಇಟ್ಟರೆ ಮಾನವೇ ಉಳಿಯದು.

ಒಂದು ಸಂಖ್ಯೆಗೆ ನೂರೈವತ್ತು ಉಡುಪು

ಮಹಾವೀರನ ತೊಂದರೆ ಬೇರೆ ಬಗೆಯದು. ಗಣಿತಸಾರಸಂಗ್ರಹದಲ್ಲಿ ಒಂಬತ್ತು ಅಧ್ಯಾಯ, ಹನ್ನೊಂದು ನೂರಕ್ಕೂ ಹೆಚ್ಚು ಶ್ಲೋಕ. ನಿಯಮವೂ ಪದ್ಯ, ಲೆಕ್ಕವೂ ಪದ್ಯ. ಅವನ ಒಂದು ಗುಣಾಕಾರವನ್ನು ನೋಡಿ: 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಕಂಠಹಾರ. 139 × 109 = 15151, 152207 × 73 = 11111111 ಎಂಬ ಹಾರಗಳೂ ಅವನಲ್ಲಿವೆ. ಸರಿ, ಎಂಟಂಕಿಯ 27994681ನ್ನು ಶ್ಲೋಕದೊಳಗೆ ಕೂರಿಸುವುದು ಹೇಗೆ? 'ಎರಡು, ಏಳು, ಒಂಬತ್ತು' ಎಂದು ಒಂದೇ ಬಗೆಯಲ್ಲಿ ಹೇಳಬೇಕೆಂದರೆ ಛಂದಸ್ಸು ಒಪ್ಪುವುದಿಲ್ಲ.

ಪರಿಹಾರ ಪದಸಂಖ್ಯೆ ಅಥವಾ ಭೂತಸಂಖ್ಯೆ. ಲೋಕದಲ್ಲಿ ಒಂದೇ ಇರುವ ಚಂದ್ರ ಎಂದರೆ 1. ಕಣ್ಣು, ಕೈ, ಪಕ್ಷ ಎಂದರೆ 2. ಕಾಮನ ಬಾಣ ಎಂದರೆ 5, ರಸ ಅಥವಾ ಋತು ಎಂದರೆ 6, ಕುಲಪರ್ವತ ಅಥವಾ ಮುನಿ ಎಂದರೆ 7, ದಿಕ್ಕಿನ ಆನೆ ಎಂದರೆ 8. ಅಂಕಗಳನ್ನು ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಬರೆಯುತ್ತ ಹೋಗಬೇಕು. ಈ ಪದ್ಧತಿ ಮಹಾವೀರನಿಗಿಂತ ಹಳೆಯದು. ಆದರೆ ಅವನು ಗ್ರಂಥದ ಮೊದಲ ಅಧ್ಯಾಯದಲ್ಲೇ ಯಾವ ಪದಕ್ಕೆ ಯಾವ ಬೆಲೆ ಎಂಬ ಪಟ್ಟಿ ಕೊಡುತ್ತಾನೆ. ಒಂದರಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರನ್ನೂ ಕೊಡುತ್ತಾನೆ. ಇದು ಬಹಳ ಅಗತ್ಯವಾಗಿತ್ತು. 'ತತ್ತ್ವ' ಎಂದರೆ ಸಾಂಖ್ಯರ ಲೆಕ್ಕದಲ್ಲಿ 25, ಜೈನನಾದ ಮಹಾವೀರನ ಲೆಕ್ಕದಲ್ಲಿ 7. 'ಜಿನ' ಎಂದರೆ 24. ಸಂದೇಶ ಕಳಿಸುವವನೂ ಪಡೆಯುವವನೂ ಒಂದೇ ಸಂಕೇತಪಟ್ಟಿ ಇಟ್ಟುಕೊಂಡಿರಬೇಕು. ನನ್ನ 'ಮುಗಿಲು' ಎಡವಿದ್ದು ಇದೇ ಕಲ್ಲಿಗೆ.

ಒಂದು ಸಣ್ಣ ಸಂಖ್ಯೆಯಿಂದ ಲೆಕ್ಕ ಮಾಡಿ ನೋಡೋಣ. ಕ್ರಿ.ಶ. 850 ಎಂದರೆ ಶಕ 772. ಬಿಡಿಸ್ಥಾನದಿಂದ ಓದಿದರೆ 2, 7, 7. ಎರಡಕ್ಕೆ ಆರು ಪದ ತೆಗೆದುಕೊಳ್ಳೋಣ: ಕರ (2 ಮಾತ್ರೆ); ನಯನ, ನೇತ್ರ, ಬಾಹು, ಪಕ್ಷ (3 ಮಾತ್ರೆ); ಲೋಚನ (4 ಮಾತ್ರೆ). ಏಳಕ್ಕೆ ಐದು: ಗಿರಿ, ಮುನಿ (2), ಶೈಲ, ತುರಗ (3), ಪರ್ವತ (4). ಸೂರ್ಯನ ಕುದುರೆಗಳು ಏಳಾದ್ದರಿಂದ ತುರಗ. ಸ್ವರದಿಂದ ಶುರುವಾಗುವ ಅಚಲ, ಅಶ್ವ, ಋಷಿಗಳನ್ನು ಸಂಧಿಯ ತೊಂದರೆಗೆ ಹೆದರಿ ಸದ್ಯಕ್ಕೆ ಬಿಟ್ಟಿದ್ದೇನೆ. ಒಟ್ಟು 6 × 5 × 5 = 150 ವಿಧಗಳಲ್ಲಿ 772 ಎನ್ನಬಹುದು.

ಇವು ಎಷ್ಟು ಮಾತ್ರೆಯ ಜಾಗ ತುಂಬುತ್ತವೆ? ಮೂರು ಪಟ್ಟಿಗಳ ಉದ್ದಗಳನ್ನು ಬೀಜಗಣಿತದ ಬಹುಪದಗಳಂತೆ ಗುಣಿಸಿದರೆ ಉತ್ತರ ಬರುತ್ತದೆ. 6 ಮಾತ್ರೆಯವು 4, 7 ಮಾತ್ರೆಯವು 24, 8 ಮಾತ್ರೆಯವು 44, 9 ಮಾತ್ರೆಯವೂ 44, 10 ಮಾತ್ರೆಯವು 25, 11 ಮಾತ್ರೆಯವು 8, 12 ಮಾತ್ರೆಯದು 1. ಕೂಡಿದರೆ 150. ಕಂದದ ಎರಡು ಗಣಗಳಿಗೆ ಸರಿಹೊಂದುವ ಎಂಟು ಮಾತ್ರೆಯ ಪದಗುಚ್ಛಗಳೇ 44: 'ನಯನ ಗಿರಿ ತುರಗ', 'ಲೋಚನ ಗಿರಿ ಮುನಿ', 'ಕರ ಗಿರಿ ಪರ್ವತ' ಹೀಗೆ. ಇವುಗಳಲ್ಲಿ ಗಣದ ಗಡಿ ಪದದ ನಡುವೆ ಬೀಳುವವೂ ಇವೆ, ಗಡಿಯಲ್ಲೇ ಗುರು ಕೂತು ಗಣ ಒಡೆಯದಂತೆ ಮಾಡುವವೂ ಇವೆ. ಆ ಎರಡನೆಯ ಬಗೆಯವನ್ನು ಹೆಕ್ಕಿ ತೆಗೆಯುವ ಕೆಲಸವನ್ನು ಓದುಗರಿಗೆ ಬಿಡುತ್ತೇನೆ. ಪದ್ಯದಲ್ಲಿ ಆರರಿಂದ ಹನ್ನೆರಡರವರೆಗೆ ಎಷ್ಟೇ ಮಾತ್ರೆಯ ಜಾಗ ಖಾಲಿ ಉಳಿದಿರಲಿ, 772 ಅಲ್ಲಿ ಕೂರಬಲ್ಲದು.

ಆಯ್ಕೆಗಳನ್ನು ಎಣಿಸುವುದು ಮಹಾವೀರನಿಗೆ ಹೊಸತೇನೂ ಅಲ್ಲ. ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ವಿಧಗಳನ್ನು ಎಣಿಸಲು ಅವನು ಕೊಟ್ಟ ಸಾಮಾನ್ಯ ನಿಯಮ ಗಣಿತದ ಇತಿಹಾಸದಲ್ಲಿ ಪ್ರಸಿದ್ಧ. ಅವನ ಉದಾಹರಣೆ ಆರು ರಸಗಳ ಬೆರಕೆ. ಒಂದೊಂದಾಗಿ, ಎರಡೆರಡಾಗಿ ಎಂದು ಆರರವರೆಗೆ ಕೂಡಿಸಿದರೆ 63 ರುಚಿಗಳು.

ಕಳೆದುಕೊಂಡ ಬಿಟ್‌ಗಳ ಲಾಭ

ಈಗ ಬಿಟ್ಟುಬಂದ ಪ್ರಶ್ನೆಗೆ ಬರೋಣ. ಛಂದಸ್ಸು ಕವಿಯ ಸ್ವಾತಂತ್ರ್ಯವನ್ನು ಕಡಿತಗೊಳಿಸಿತಲ್ಲ, ಅದರಿಂದ ಲಾಭವೇನು?

ತಾಳೆಗರಿಯಲ್ಲಿ ಗ್ರಂಥಗಳು ಕೈಯಿಂದ ಕೈಗೆ ನಕಲಾಗುತ್ತಿದ್ದವು. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಎಷ್ಟು ಹತ್ತಿರವೆಂದು ಎಲ್ಲರೂ ಬಲ್ಲರು. ಗರಿ ಒಂದಿಷ್ಟು ಸವೆದರೆ ಆರು ಒಂಬತ್ತಾಗುತ್ತದೆ, ಓದುವವನಿಗೆ ಅನುಮಾನ ಕೂಡ ಬರುವುದಿಲ್ಲ. ಅಂಕಿಗಳ ಸಾಲಿನಲ್ಲಿ ಪ್ರತಿಯೊಂದು ತಪ್ಪೂ ಇನ್ನೊಂದು ಸರಿಯಾದ ಸಂಖ್ಯೆಯಂತೆಯೇ ಕಾಣುತ್ತದೆ. ಆದರೆ 'ಋತು' ಎಂಬುದು ಒಂಬತ್ತನ್ನು ಸೂಚಿಸುವ 'ನಿಧಿ' ಆಗುವಂತಿಲ್ಲ.

ಇನ್ನೊಂದು ಉದಾಹರಣೆ ಹೆಚ್ಚು ಸ್ವಾರಸ್ಯದ್ದು. 'ನಗ' ಎಂದರೆ ಪರ್ವತ, ಬೆಲೆ 7. 'ನಾಗ' ಎಂದರೆ ಬೆಲೆ 8. ನಕಲುಕಾರ ಒಂದು ದೀರ್ಘ ಹೆಚ್ಚು ಎಳೆದರೆ ಸಂಖ್ಯೆ ಬದಲಾಯಿತು. ಆದರೆ ಮಾತ್ರೆಯೂ ಎರಡರಿಂದ ಮೂರಕ್ಕೆ ಏರಿತು. ಪಾದ ಮುಗ್ಗರಿಸುತ್ತದೆ, ಓದುವವನ ಕಿವಿ ನಿಲ್ಲುತ್ತದೆ. ಪದ ಪಾದದ ಆದಿಯಲ್ಲಿದ್ದರೆ ಇನ್ನೂ ಒಂದು ಕಾವಲು ಇದೆ. ಸಿಂಹಪ್ರಾಸ ಗಜಪ್ರಾಸವಾಗಿ ಉಳಿದ ಪಾದಗಳೊಂದಿಗೆ ಹೊಂದುವುದಿಲ್ಲ. ಇಂದು ಕಂಪ್ಯೂಟರುಗಳು ದತ್ತಾಂಶ ಕಳಿಸುವಾಗ ಮಾಹಿತಿಯ ಜೊತೆಗೆ ಕೆಲವು ಹೆಚ್ಚುವರಿ ಬಿಟ್‌ಗಳನ್ನು ಸೇರಿಸುತ್ತವೆ. ಅವು ಹೊಸ ಸುದ್ದಿ ಹೇಳುವುದಿಲ್ಲ, ದಾರಿಯಲ್ಲಿ ಕೆಟ್ಟಿದೆಯೇ ಎಂದು ಹೇಳುತ್ತವೆ. ನಮ್ಮ ಎರಡು ಸಾಲಿನಲ್ಲಿ ಕಳೆದುಹೋದ 2.58 ಬಿಟ್‌ಗಳು ಇದೇ ಕೆಲಸಕ್ಕೆ ನಿಂತಿವೆ. ಛಂದಸ್ಸನ್ನು ಕಟ್ಟಿದವರು ಇದನ್ನು ಉದ್ದೇಶಿಸಿದ್ದರೆಂದು ನಾನು ಹೇಳಹೊರಟಿಲ್ಲ. ನೆನಪಿಗೆಂದು ಬಿಗಿದ ಗಂಟು ಕಾವಲಿಗೂ ಒದಗಿತು ಎನ್ನಬಹುದು.

ಈ ಕಾವಲಿನಲ್ಲಿ ಕಂಡಿಗಳೂ ಇವೆ. 'ಗಿರಿ' ಎಂಬುದು 'ಕರಿ' ಆದರೆ ಪರ್ವತ ಆನೆಯಾಗುತ್ತದೆ, 7 ಹೋಗಿ 8 ಬರುತ್ತದೆ. ಮಾತ್ರೆ ಅದೇ, ಪ್ರಾಸಾಕ್ಷರ ಅದೇ.

ಪದ ಬದಲಿಸುವ ಆಟವನ್ನು ತಲೆಕೆಳಗಾಗಿ ಆಡಿದವರೂ ಇದ್ದಾರೆ. 1960ರಲ್ಲಿ ಕವಿ ರೇಮೊ ಕೆನೋ ಮತ್ತು ಫ್ರಾನ್ಸ್ವಾ ಲ ಲಿಯೊನೆ ಪ್ಯಾರಿಸಿನಲ್ಲಿ ಕಟ್ಟಿದ 'ಊಲಿಪೋ' ಎಂಬ ಕೂಟದಲ್ಲಿ ಸಾಹಿತಿಗಳೂ ಗಣಿತಜ್ಞರೂ ಸೇರಿದ್ದರು. ಅವರಲ್ಲಿ ಜಾನ್ ಲೆಸ್ಕ್ಯೂರ್ ಸೂಚಿಸಿದ ವಿಧಾನ ಸರಳ: ಪದ್ಯದ ಪ್ರತಿ ನಾಮಪದವನ್ನು ತೆಗೆದು, ನಿಘಂಟಿನಲ್ಲಿ ಅದರಿಂದ ಮುಂದಿನ ಏಳನೆಯ ನಾಮಪದವನ್ನು ಇಡಿ. ಕನ್ನಡದಲ್ಲಿ ಮಾಡುವವರು ವಿಭಕ್ತಿ ಪ್ರತ್ಯಯವನ್ನು ಹೊಸ ಪದಕ್ಕೆ ಜೋಡಿಸಬೇಕಾಗುತ್ತದೆ, ಜೋಡಿಸಿದೊಡನೆ ಮಾತ್ರೆ ಚೆದುರುತ್ತದೆ. ಇಲ್ಲಿ ವಾಕ್ಯರಚನೆ ಸ್ಥಿರ, ಅರ್ಥವನ್ನು ಗಾಳಿಗೆ ಬಿಡಲಾಗಿದೆ. ಮಹಾವೀರನಲ್ಲಿ ಅರ್ಥ ಸ್ಥಿರ, ಪದ ಸ್ವತಂತ್ರ. ಕೆನೋ 1961ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ 14 ಸಾಲಿನ ಹತ್ತು ಪದ್ಯಗಳಿವೆ. ಯಾವ ಪದ್ಯದ ಯಾವ ಸಾಲನ್ನಾದರೂ ಅದೇ ಸ್ಥಾನದಲ್ಲಿ ಬದಲಿಸಬಹುದು. ಒಟ್ಟು ಹತ್ತರ ಹದಿನಾಲ್ಕನೆಯ ಘಾತದಷ್ಟು ಪದ್ಯ. ನಿಮಿಷಕ್ಕೊಂದರಂತೆ ಹಗಲಿರುಳು ಓದಿದರೂ ಮುಗಿಯಲು ಸುಮಾರು 19 ಕೋಟಿ ವರ್ಷ ಬೇಕು. ಸಾಲು ಬದಲಾದರೂ ಪ್ರಾಸ ಕೆಡದಂತೆ ಅವನು ಮೊದಲೇ ಕಟ್ಟಿಟ್ಟಿದ್ದ, ಅದೇ ಆ ಪುಸ್ತಕದ ಹೆಚ್ಚುಗಾರಿಕೆ. ಇತ್ತೀಚೆಗೆ ಯಂತ್ರಗಳೂ ಈ ಆಟ ಕಲಿತಿವೆ. ಗೂಗಲ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ 'ಬರ್ಟ್' ಎಂಬ ಭಾಷಾ ಮಾದರಿಗೆ ಪಾಠ ಹೇಳಿದ್ದು ವಾಕ್ಯದ ಕೆಲವು ಪದಗಳನ್ನು ಮುಚ್ಚಿ, ಅಲ್ಲಿ ಯಾವ ಪದ ಇದ್ದೀತೆಂದು ಊಹಿಸಲು ಹೇಳಿ.

ಮಳಖೇಡದ ಕಲ್ಲುಹಾಸಿಗೆ ಮರಳುತ್ತೇನೆ. ಒಂದೇ ಮಾತ್ರೆಯ, ಒಂದೇ ಅಕ್ಷರ ವ್ಯತ್ಯಾಸವಿರುವ, ಬೆಲೆ ಮಾತ್ರ ಬೇರೆಯಾದ ಪದಜೋಡಿಗಳನ್ನು ಹುಡುಕಲು ವಿದ್ಯಾರ್ಥಿಗಳಿಗೆ ಹೇಳಿದೆ. 'ಗಿರಿ-ಕರಿ' ನನ್ನದು. 'ಕರ-ಶರ' ಬೇಗ ಬಂತು, ಎರಡು ಮತ್ತು ಐದು. ಇಂಥ ತಪ್ಪನ್ನು ಛಂದಸ್ಸು ಹಿಡಿಯದಿದ್ದರೆ ಇನ್ನಾರು ಹಿಡಿಯುತ್ತಾರೆ ಎಂದು ಕೇಳಿದರು. ಲೆಕ್ಕದ ಪದ್ಯವಾದರೆ ಉತ್ತರ ತಾಳೆಯಾಗುವುದಿಲ್ಲ. ಶಾಸನದ ಕಾಲವಾದರೆ ಶಕವರ್ಷದ ಜೊತೆಗೆ ಸಂವತ್ಸರದ ಹೆಸರೂ ಇರುತ್ತದೆ. ಸಂವತ್ಸರಚಕ್ರ ಅರವತ್ತು ವರ್ಷಗಳದ್ದು. 772ರ ನಡುವಿನ 'ಗಿರಿ' 'ಕರಿ'ಯಾದರೆ 782 ಆಗುತ್ತದೆ, ಹತ್ತು ವರ್ಷ ಸರಿದು ಸಂವತ್ಸರ ಹೊಂದುವುದಿಲ್ಲ, ಸಿಕ್ಕಿಬೀಳುತ್ತದೆ ಎಂದು ವಿವರಿಸಿ ನಾನು ಸೀಮೆಸುಣ್ಣ ಕೆಳಗಿಟ್ಟೆ.

ಮುಗಿಲಿನ ಬಗ್ಗೆ ಕೇಳಿದ್ದ ಆ ಹುಡುಗಿಯೇ ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದಳು. ನಾನು ಪಟ್ಟಿಯಿಂದ ಬಿಟ್ಟಿದ್ದ 'ಋಷಿ'ಯನ್ನು ಸಂಧಿ ಮಾಡದೆ ಇಟ್ಟುಕೊಂಡು, ಅದರ ಪಕ್ಕದಲ್ಲಿ 'ಶಶಿ' ಎಂದು ಬರೆದಿದ್ದಳು. ಋಷಿ 7, ಶಶಿ 1, ಎರಡಕ್ಕೂ ಎರಡೇ ಮಾತ್ರೆ. ಹತ್ತರ ಸ್ಥಾನದಲ್ಲಿ ಋಷಿ ಶಶಿಯಾದರೆ 772 ಎಂಬುದು 712 ಆಗುತ್ತದೆ. ವ್ಯತ್ಯಾಸ ಸರಿಯಾಗಿ ಅರವತ್ತು. ಸಂವತ್ಸರದ ಹೆಸರು ಮತ್ತೆ ಅದೇ. ಮಾತ್ರೆಯೂ ಹಿಡಿಯದು, ಸಂವತ್ಸರವೂ ಹಿಡಿಯದು. "ಹಂಗಾದ್ರ ಇದು ಹ್ಯಾಂಗ ಸಿಗತದ್ರಿ ಸರ್?" ಎಂದಳು. ಶಾಸನದಲ್ಲಿ ತಿಥಿ ಮತ್ತು ವಾರ ಎರಡೂ ಇದ್ದರೆ ಆ ವರ್ಷದ ಆ ತಿಥಿಗೆ ಯಾವ ವಾರ ಬರುತ್ತದೆಂದು ಲೆಕ್ಕ ಹಾಕಬೇಕು ಎಂದೆ. ಅವಳು ವಾರಗಳೆಷ್ಟೆಂದು ಬೆರಳಲ್ಲಿ ಎಣಿಸಿದಳು. ಸುಮಾರು ಏಳರಲ್ಲಿ ಒಂದು ಸಲ ಆಕಸ್ಮಿಕವಾಗಿ ಅದೂ ಹೊಂದಿಬಿಡಬಹುದು ಎಂದು ಕಲ್ಲಿನ ಮೇಲೆ 1/7 ಎಂದು ಬರೆದು, ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿ, ಗೆಳತಿಯರ ಜೊತೆ ನದಿಯ ಕಡೆಗೆ ಇಳಿದುಹೋದಳು.